ಕೊನೆಯ ಕಾಲಮ್ಮಿನ ಚುಕ್ಕೆಗಳು: ಒಂದು ಪ್ರಕರಣ

ಆ ನೋಟ್‌ಬುಕ್ಕು ನನ್ನ ಕಣ್ಣಿಗೆ ಬಿದ್ದದ್ದು ಚಿಕಿತ್ಸೆಯ 11ನೇ ದಿನ. ಮಗುವಿಗೆ ನಿದ್ದೆ ಹತ್ತಿತ್ತು. ತಂದೆ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು, ಸ್ಕೇಲಿಟ್ಟು ಗೆರೆ ಎಳೆಯುತ್ತಿದ್ದರು. ದಿನಾಂಕ, ಹಿಮೋಗ್ಲೋಬಿನ್, ಬಿಳಿ ರಕ್ತಕಣ, ನ್ಯೂಟ್ರೋಫಿಲ್, ಪ್ಲೇಟ್‌ಲೆಟ್, ಜ್ವರ, ಹೀಗೆ ಎಲ್ಲ ಕಾಲಮ್ಮಿಗೂ ತಲೆಬರಹ ಇತ್ತು, ಬಲತುದಿಯದಕ್ಕೆ ಮಾತ್ರ ಇರಲಿಲ್ಲ. ಅದರಲ್ಲಿ ಬರೀ ಚುಕ್ಕೆಗಳು: ಒಂದು ದಿನ ಎರಡು, ಮರುದಿನ ಐದು, ಅದರ ಮರುದಿನ ಏಳು. ವಾಂತಿಯ ಲೆಕ್ಕ ಇರಬೇಕು ಎಂದುಕೊಂಡೆ. ಕೇಳಲಿಲ್ಲ. ಕೇಳಬೇಕಿತ್ತು.

ನಾನು ಮಕ್ಕಳ ಕ್ಯಾನ್ಸರ್ ವಾರ್ಡಿನಲ್ಲಿ ಆಪ್ತಸಮಾಲೋಚಕಿ. ಗುರುತು ಹತ್ತದ ಹಾಗೆ ಕೆಲವು ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ತಂದೆ ಯಾವ ಧರ್ಮದ ದೇವರನ್ನು ಕರೆದರು ಎಂಬುದನ್ನು ಬೇಕೆಂದೇ ಬಿಟ್ಟಿದ್ದೇನೆ. ಹೇಳಿದರೆ, ಓದುವವರು ಆ ಧರ್ಮದ ಬಗ್ಗೆ ತಮಗೆ ಮೊದಲೇ ಇರುವ ಅಭಿಪ್ರಾಯವನ್ನೇ ಇಲ್ಲಿ ಓದಿಕೊಂಡು ಹೋಗುತ್ತಾರೆ.

ಹಿನ್ನೆಲೆ

ಹುಡುಗಿಗೆ ಆರು ವರ್ಷ. ಕಾಲು ನೋವು ಎಂದು ಕುಂಟುತ್ತಿದ್ದಳು, ಜ್ವರ ಬಂದು ಬಂದು ಹೋಗುತ್ತಿತ್ತು, ತಾಗದ ಜಾಗದಲ್ಲೂ ಚರ್ಮ ನೀಲಿಗಟ್ಟುತ್ತಿತ್ತು. ಪರೀಕ್ಷೆಯಲ್ಲಿ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು. ಮಕ್ಕಳಿಗೆ ಬರುವ ಕ್ಯಾನ್ಸರುಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಇದೇ. ವಯಸ್ಸು 10ರ ಒಳಗೆ, ಬಿಳಿ ರಕ್ತಕಣಗಳ ಎಣಿಕೆ 50,000ಕ್ಕಿಂತ ಕಡಿಮೆ. ಹಾಗಾಗಿ ಆರಂಭದಲ್ಲಿ ಅವಳನ್ನು ಸಾಧಾರಣ ಅಪಾಯದ ಗುಂಪಿಗೆ ಸೇರಿಸಿದರು. ಒಳ್ಳೆಯ ಚಿಕಿತ್ಸೆ ಸಿಗುವ ಕಡೆ ಈ ಕಾಯಿಲೆಯ ನೂರು ಮಕ್ಕಳಲ್ಲಿ ಸುಮಾರು ತೊಂಬತ್ತು ಮಕ್ಕಳು ಉಳಿಯುತ್ತಾರೆ. ಇದನ್ನು ಕೇಳಿದ ಪ್ರತಿ ಅಪ್ಪ-ಅಮ್ಮನ ಹಾಗೆ ಈ ತಂದೆಯೂ ಉಳಿದ ಹತ್ತರ ಬಗ್ಗೆಯೇ ಕೇಳಿದರು.

ಅವರ ಕೆಲಸ ಲೆಕ್ಕಪತ್ರ ತಪಾಸಣೆ. ಕಾಲೇಜು ದಿನಗಳಿಂದ ದೇವರನ್ನು ನಂಬಿದವರಲ್ಲ. ಹಾಗಂತ ಎದುರು ಕೂತು ವಾದ ಮಾಡುವವರೂ ಅಲ್ಲ. ಅದು ತಮ್ಮ ವಿಷಯವಲ್ಲ ಎಂದು ಬದಿಗಿಟ್ಟು ಬದುಕಿದವರು. ತಾಯಿ ಚಿಕ್ಕಂದಿನಿಂದ ದಿನಾ ಪ್ರಾರ್ಥನೆ ಮಾಡುತ್ತಿದ್ದವರು. ರೋಗ ಇಂಥದ್ದು ಎಂದು ತಿಳಿದ ವಾರ ಅವರ ಪ್ರಾರ್ಥನೆ ನಿಂತುಹೋಯಿತು. ನನ್ನ ಹತ್ತಿರ ಅವರು ಹೇಳಿದ್ದು ಒಂದೇ ಮಾತು: "ಈಗ ಅವನ ಹತ್ರ ಮಾತಾಡಕ್ಕೆ ನಂಗೆ ಇಷ್ಟ ಇಲ್ಲ."

ಮೊದಲ ನಾಲ್ಕು ವಾರದ ಚಿಕಿತ್ಸೆಯ ಬಗ್ಗೆ ಸ್ವಲ್ಪ ಹೇಳಬೇಕು. ದಿನಾ ಸ್ಟಿರಾಯ್ಡ್, ವಾರಕ್ಕೊಮ್ಮೆ ವಿನ್‌ಕ್ರಿಸ್ಟಿನ್ (ನಿತ್ಯಪುಷ್ಪದ ಗಿಡದಿಂದ ತೆಗೆದ ಔಷಧ), ನಡುವೆ ಆಸ್ಪರಾಜಿನೇಸ್, ಬೆನ್ನುಹುರಿಯ ಸುತ್ತಲ ದ್ರವಕ್ಕೆ ಸೂಜಿಯಿಂದ ಮೆಥೊಟ್ರೆಕ್ಸೇಟ್. ಸ್ಟಿರಾಯ್ಡಿಗೆ ಮಗುವಿನ ಮುಖ ಊದಿಕೊಳ್ಳುತ್ತದೆ, ನಡುರಾತ್ರಿ ಎದ್ದು ಹಸಿವು ಎನ್ನುತ್ತದೆ, ಸುಮ್ಮಸುಮ್ಮನೆ ಸಿಡುಕುತ್ತದೆ. ರೋಗದ ಕಣಗಳ ಜೊತೆ ಒಳ್ಳೆಯ ಕಣಗಳೂ ಸಾಯುವುದರಿಂದ ಕೌಂಟ್ (ರಕ್ತಕಣಗಳ ಎಣಿಕೆ) ಕೆಳಗೆ ಇಳಿಯುತ್ತದೆ. ವಾರ್ಡಿನಲ್ಲಿ ಅಪ್ಪ-ಅಮ್ಮಂದಿರು ಒಬ್ಬರನ್ನೊಬ್ಬರು ಮಾತಾಡಿಸುವುದೇ "ಇವತ್ತು ಕೌಂಟ್ ಎಷ್ಟು?" ಎಂದು. ಕೌಂಟಿಗಾಗಿ ಕಾಯುವುದು ಬಿಟ್ಟರೆ ಅವರಿಗೆ ಮಾಡಲು ಬೇರೇನೂ ಇರುವುದಿಲ್ಲ. ಲೆಕ್ಕದಲ್ಲೇ ಬದುಕಿದ ಮನುಷ್ಯನಿಗೆ ಇದಕ್ಕಿಂತ ಕಷ್ಟದ ಜಾಗ ಇನ್ನೊಂದಿಲ್ಲ. ಅಂಕಿಗಳು ದಿನಾ ಕೈಗೆ ಬರುತ್ತವೆ, ತಿದ್ದಲು ಒಂದೂ ಆಗುವುದಿಲ್ಲ.

ಶುರುವಾದ ರಾತ್ರಿ

8ನೇ ದಿನ ಬೆನ್ನಿನ ಸೂಜಿ ಆಗಿತ್ತು. ಸೂಜಿಯ ನಂತರ ಅಲುಗಾಡದೆ ಮಲಗಿರು ಎಂದು ಹೇಳಿದ್ದರು. ಹುಡುಗಿ ಅತ್ತು ಅತ್ತು ಸುಸ್ತಾಗಿ ಮಲಗಿದಳು. ತಾಯಿ ಮನೆಗೆ ಹೋಗಿದ್ದರು. ತಂದೆಯ ಕೈ ಮಗುವಿನ ಹಣೆಯ ಮೇಲಿತ್ತು. ತೆಗೆದರೆ ಎಚ್ಚರಾಗುತ್ತಾಳೇನೋ ಎಂದು ತೆಗೆಯಲಿಲ್ಲ. "ಹಾಗೇ ಕೂತಿದ್ದೆ ಮೇಡಂ. ಬಾಯಿಗೆ ಬಂತು. ಕಾಪಾಡಪ್ಪಾ ಅಂತ. ಯಾರಿಗೆ ಹೇಳ್ದೆ ಅಂತ ತಿರುಗಿ ನೋಡಿದೆ." ಈ ಮಾತು ಹೇಳುವಾಗ ಅವರು ನಕ್ಕರು, ಆದರೆ ಕಿವಿ ಕೆಂಪಾಗಿತ್ತು.

ಅದೇ ರಾತ್ರಿ ನೋಟ್‌ಬುಕ್ಕಿನಲ್ಲಿ ಹೊಸ ಕಾಲಮ್ಮು ಬಂತು. ಒಂದು ಪ್ರಾರ್ಥನೆಗೆ ಒಂದು ಚುಕ್ಕೆ. ತಲೆಬರಹ ಬರೆಯದಿದ್ದದ್ದು ಹೆಂಡತಿಯ ಕಣ್ಣಿಗೆ ಬಿದ್ದೀತು ಎಂಬ ಸಂಕೋಚಕ್ಕೆ. ಕದ್ದು ಸಿಗರೇಟು ಸೇದುವವರ ಹಾಗೆ ಮೆಟ್ಟಿಲ ಮೂಲೆಗೆ ಹೋಗಿ ಪ್ರಾರ್ಥನೆ ಮಾಡಿ ಬರುತ್ತಿದ್ದರು.

ತಮಾಷೆಯೆಂದರೆ, ಪ್ರಾರ್ಥನೆಯಿಂದ ಕಾಯಿಲೆ ವಾಸಿಯಾಗುತ್ತದೆಯೇ ಎಂಬುದರ ಬಗ್ಗೆ ಅವರು ನನಗಿಂತ ಹೆಚ್ಚು ಓದಿಕೊಂಡಿದ್ದರು. 2006ರಲ್ಲಿ ಅಮೆರಿಕದ ವೈದ್ಯ ಹರ್ಬರ್ಟ್ ಬೆನ್ಸನ್ ಅವರ ತಂಡ ಪ್ರಕಟಿಸಿದ ಅಧ್ಯಯನ ಅವರಿಗೆ ಬಾಯಿಪಾಠ: ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯ 1,802 ರೋಗಿಗಳು, ಬೇರೆಯವರು ಪ್ರಾರ್ಥಿಸಿದರೂ ತೊಡಕುಗಳೇನೂ ಕಡಿಮೆಯಾಗಲಿಲ್ಲ, ತಮಗಾಗಿ ಪ್ರಾರ್ಥನೆ ನಡೆಯುತ್ತಿದೆ ಎಂದು ಖಚಿತವಾಗಿ ಗೊತ್ತಿದ್ದ ಗುಂಪಿನಲ್ಲಿ ತೊಡಕುಗಳು 59%, ಗೊತ್ತಿಲ್ಲದೆ ಪ್ರಾರ್ಥನೆ ಪಡೆದ ಗುಂಪಿನಲ್ಲಿ 52%. "ಎಲ್ಲ ಗೊತ್ತು. ಆದ್ರೂ ಒಂಬತ್ತು ಚುಕ್ಕೆ ಹಾಕಿದ ದಿನ ಪ್ಲೇಟ್‌ಲೆಟ್ ಏರ್ತು ಮೇಡಂ" ಎಂದರು. ಏರಿದ್ದು ನಿಜ. ಚಿಕಿತ್ಸೆಯ ಎರಡನೇ ಮೂರನೇ ವಾರದಲ್ಲಿ ರೋಗದ ಕಣಗಳು ಕರಗಿ ಮಜ್ಜೆಗೆ ಜಾಗ ಸಿಕ್ಕ ಹಾಗೆ ಪ್ಲೇಟ್‌ಲೆಟ್ ತಾನಾಗಿ ಏರತೊಡಗುತ್ತದೆ. ಅದೂ ಅವರಿಗೆ ಗೊತ್ತಿತ್ತು.

ಈ ಹಂತದಲ್ಲಿ ನಾನು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಚುಕ್ಕೆಯ ವಿಷಯ ನನಗಿನ್ನೂ ಗೊತ್ತಿರಲಿಲ್ಲ. ದೇವರ ಮಾತೇ ಆಡದಿದ್ದ ಮನುಷ್ಯ "ಎಲ್ಲ ಸರಿಹೋಗುತ್ತೆ, ನಂಗೆ ಗೊತ್ತು" ಎನ್ನತೊಡಗಿದ್ದನ್ನು ಕೇಳಿ, 14ನೇ ದಿನದ ಟಿಪ್ಪಣಿಯಲ್ಲಿ "ನಿರಾಕರಣೆ?" ಎಂದು ಬರೆದೆ, ಅಂದರೆ ಕೆಟ್ಟ ಸುದ್ದಿಯನ್ನು ಮನಸ್ಸು ಒಪ್ಪುತ್ತಿಲ್ಲವೇ ಎಂದು. ಪ್ರಶ್ನಾರ್ಥಕ ಚಿಹ್ನೆ ಇತ್ತು ನಿಜ. ಆದರೆ ಫೈಲಿನಲ್ಲಿ ಒಮ್ಮೆ ಒಂದು ಪದ ಬಿದ್ದರೆ ಮುಂದೆ ಓದುವವರು ಯಾರೂ ಚಿಹ್ನೆಯನ್ನು ಓದುವುದಿಲ್ಲ. ಮುಂದಿನ ಪಾಳಿಯವರು ತಂದೆಯ ಜೊತೆ ಜೋರಾಗಿ, ನಿಧಾನವಾಗಿ, ಅರ್ಥವಾಗದವರಿಗೆ ಹೇಳುವ ಧಾಟಿಯಲ್ಲಿ ಮಾತಾಡಲು ಶುರುಮಾಡಿದರು.

ಜ್ವರ

19ನೇ ದಿನ ಮುಂಜಾನೆ 38.6 ಡಿಗ್ರಿ. ನ್ಯೂಟ್ರೋಫಿಲ್ 90. ಈ ಎಣಿಕೆ 500ರ ಕೆಳಗಿರುವಾಗ ಜ್ವರ ಬಂದರೆ ಅದು ತುರ್ತುಸ್ಥಿತಿ. ಸೋಂಕಿನ ಜೊತೆ ಹೋರಾಡಲು ಮೈಯಲ್ಲಿ ಕಣಗಳೇ ಇಲ್ಲದಿರುವುದರಿಂದ, ರಕ್ತದ ಮಾದರಿ ತೆಗೆದು ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ರಕ್ತನಾಳಕ್ಕೆ ಹೋಗಬೇಕು. ಹೋಯಿತು. ಮರುದಿನ ಸಂಜೆ ಹೊತ್ತಿಗೆ ಜ್ವರ ಇಳಿಯಿತು. ವೈದ್ಯಕೀಯವಾಗಿ ಆ ಕತೆ ಅಲ್ಲಿಗೆ ಮುಗಿಯಿತು.

ನಾನು ಹೇಳಬೇಕಾದದ್ದು ಅದರ ಮರುದಿನದ್ದು. ಹುಡುಗಿ ಬಣ್ಣದ ಪೆನ್ಸಿಲ್ ಹಿಡಿದು ಏನೂ ಬರೆಯದೆ ಕೂತಿದ್ದಳು. ಪಕ್ಕದಲ್ಲಿ ಕೂತೆ. ತುಂಬ ಹೊತ್ತಾದ ಮೇಲೆ ತಲೆ ಎತ್ತದೆ ಕೇಳಿದಳು: "ಆಂಟಿ, ನಾನು ಮಾತ್ರೆ ಉಗುಳಿದ್ದಕ್ಕೆ ಜ್ವರ ಬಂತಾ?"

ಯಾರು ಹಾಗಂದಿದ್ದು ಎಂದು ಕೇಳಿದೆ.

"ಯಾರೂ ಅನ್ಲಿಲ್ಲ. ಅಪ್ಪ ಮೆಟ್ಲ ಹತ್ರ ದೇವ್ರಿಗೆ ಹೇಳ್ತಾ ಇದ್ರು, ನಾವು ಎಲ್ಲ ಸರಿಯಾಗಿ ಮಾಡ್ತೀವಿ, ನೀನು ಸರಿ ಮಾಡು ಅಂತ. ನಾನೇ ಸರಿಯಾಗಿ ಮಾಡ್ಲಿಲ್ಲ."

ಗಾಲಿಕುರ್ಚಿಯಲ್ಲಿ ಎಕ್ಸ್‌ರೇಗೆ ಹೋಗುವಾಗ ಅವಳಿಗೆ ಅದು ಕೇಳಿಸಿತ್ತು. ಜ್ವರದ ಹಿಂದಿನ ರಾತ್ರಿ ಕಹಿ ಮಾತ್ರೆಯನ್ನು ಉಗುಳಿದ್ದಳು, ಯಾರಿಗೂ ಹೇಳಿರಲಿಲ್ಲ.

ಈ ವಯಸ್ಸಿನ ಮಕ್ಕಳು ತಪ್ಪಿಗೆ ಶಿಕ್ಷೆ ತಾನೇ ಹುಡುಕಿಕೊಂಡು ಬರುತ್ತದೆ ಎಂದು ನಂಬುತ್ತಾರೆ ಎಂಬುದನ್ನು ಮನೋವಿಜ್ಞಾನಿ ಜೀನ್ ಪಿಯಾಜೆ 1932ರಲ್ಲೇ ವಿವರಿಸಿದ್ದರು. ಕಾಯಿಲೆಯ ಮಕ್ಕಳ ಜೊತೆ ಕೆಲಸ ಮಾಡುವ ನಾವೆಲ್ಲ ಇದನ್ನು ಪರೀಕ್ಷೆಗೆ ಓದಿ ಬಂದವರೇ. ಮಾನವಶಾಸ್ತ್ರಜ್ಞೆ ಮೈರಾ ಬ್ಲೂಬಾಂಡ್-ಲ್ಯಾಂಗ್ನರ್ 1970ರ ದಶಕದಲ್ಲಿ ಲ್ಯುಕೇಮಿಯಾ ವಾರ್ಡಿನ ಮಕ್ಕಳ ನಡುವೆ ಇದ್ದು ನೋಡಿದಾಗ, ದೊಡ್ಡವರು ಏನೂ ಹೇಳದೆ ಮುಚ್ಚಿಟ್ಟಿದ್ದನ್ನು ಆ ಮಕ್ಕಳು ಆಗಲೇ ತಿಳಿದುಕೊಂಡಿದ್ದರು. ಅದನ್ನೂ ಓದಿದ್ದೆ. ಆದರೂ ತಂದೆಯ ಹೊಸ ನಂಬಿಕೆಯ ಬಗ್ಗೆ ಯೋಚಿಸುವಾಗ ಅದು ತಂದೆಗೆ ಒಳ್ಳೆಯದೋ ಕೆಟ್ಟದ್ದೋ ಎಂದಷ್ಟೇ ನೋಡುತ್ತಿದ್ದೆ. ಮೆಟ್ಟಿಲ ಹತ್ತಿರ ಆಡಿದ ಮಾತು ಮಂಚದವರೆಗೆ ಬರುತ್ತದೆ ಎಂಬುದು ಹೊಳೆದಿರಲಿಲ್ಲ.

ಹುಡುಗಿ ಹೇಳಿದ್ದನ್ನು ತಂದೆಗೆ ಹೇಳಿದೆ. ಸುಮಾರು ಹೊತ್ತು ಸುಮ್ಮನಿದ್ದು, ನೋಟ್‌ಬುಕ್ ತೆಗೆದು ನನ್ನ ಮುಂದಿಟ್ಟು, ಕೊನೆಯ ಕಾಲಮ್ಮಿನ ಮೇಲೆ ಬೆರಳಿಟ್ಟರು. "ಇದು ಲಂಚ ಮೇಡಂ. ಲೆಕ್ಕ ಇಟ್ಟುಕೊಂಡು ಕೊಟ್ಟಿದ್ದು. ನನ್ನ ಮಗಳ ಹೆಸರಲ್ಲೂ ಬಾಕಿ ಬರೆದುಬಿಟ್ಟಿದ್ದೀನಿ."

ಅವತ್ತು ಸಂಜೆ ಅವರು ಮಗಳ ಹತ್ತಿರ ಮಾತಾಡುವಾಗ ನಾನೂ ಅಲ್ಲೇ ಇದ್ದೆ.

"ಪುಟ್ಟಿ, ಮಾತ್ರೆ ಉಗುಳಿದ್ದಕ್ಕೆ ಜ್ವರ ಬಂದಿಲ್ಲ. ಔಷಧಿಗೆ ನಿನ್ನ ಬಿಳಿ ಕಣ ಎಲ್ಲ ಕಡಿಮೆ ಆಗಿದ್ವು. ಅದಕ್ಕೆ ಬಂತು. ನೀನೇನು ಮಾಡಿದ್ರೂ ಬರ್ತಿತ್ತು."

"ಮತ್ತೆ ದೇವ್ರಿಗೆ ಯಾಕೆ ಹೇಳೋದು?"

"ನಂಗೆ ಭಯ ಆಗತ್ತೆ. ಆವಾಗ ಹೇಳ್ತೀನಿ."

"ದೇವ್ರು ಏನಂತಾರೆ?"

"ಏನೂ ಅನ್ನಲ್ಲ."

"ಮತ್ತೆ?"

"ಕೇಳಿಸ್ಕೊಳ್ತಾರೆ ಅನ್ಸತ್ತೆ."

ಅವಳು ಅದನ್ನು ಸ್ವಲ್ಪ ಹೊತ್ತು ತೂಗಿ ನೋಡಿದಳು. ಆಮೇಲೆ ನೇರಳೆ ಪೆನ್ಸಿಲ್ ಚೂಪು ಮಾಡಿಕೊಡಿ ಎಂದಳು. ಉಗುಳಿದ ಮಾತ್ರೆಯ ವಿಷಯವನ್ನು ನರ್ಸಿಗೆ ತಾನೇ ಹೇಳಿದಳು. ಅಂದಿನಿಂದ ಮಾತ್ರೆಯನ್ನು ಕೊಡುವ ಬಗೆ ಬದಲಾಯಿತು, ಸಮಸ್ಯೆ ತೀರಿತು.

ಚುಕ್ಕೆ ಹಾಕಲು ಬಾರದ ಪ್ರಾರ್ಥನೆ

ಪ್ರಾರ್ಥನೆ ಅಲ್ಲಿಗೆ ನಿಲ್ಲುತ್ತದೆ ಎಂದುಕೊಂಡಿದ್ದೆ. ವ್ಯವಹಾರ ಮುರಿದುಬಿತ್ತು, ಲೆಕ್ಕದ ಮನುಷ್ಯ ಹಳೆಯ ಜಾಗಕ್ಕೆ ಮರಳುತ್ತಾರೆ ಎಂದು. ಚುಕ್ಕೆಗಳು ನಿಂತವು, ಪ್ರಾರ್ಥನೆ ನಿಲ್ಲಲಿಲ್ಲ. ಹೇಗೆ ಎಂದು ಅವರೇ ಹೇಳಿದ್ದನ್ನು ಆದಷ್ಟು ಹಾಗೇ ಇಡುತ್ತೇನೆ, ಏಕೆಂದರೆ ಇಡೀ ಪ್ರಕರಣದಲ್ಲಿ ನನಗೆ ಹೊಸದಾಗಿದ್ದು ಇದೊಂದೇ.

ಸಿರಿಂಜಿನಲ್ಲಿದ್ದ ಹಳದಿ ಔಷಧ ಎಲ್ಲಿಂದ ಬಂತು ಎಂದು ಅವರು ಓದಲು ಹೋದರು. ಮೆಥೊಟ್ರೆಕ್ಸೇಟಿಗೆ ಅಮಿನೊಪ್ಟೆರಿನ್ ಎಂಬ ಅಕ್ಕ ಇದ್ದಳು. ಅದು ಬಂದದ್ದು ಭಾರತದಲ್ಲಿ ಹುಟ್ಟಿದ ಜೀವರಸಾಯನ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ನೇತೃತ್ವದ ಪ್ರಯೋಗಾಲಯದಿಂದ. ಬೋಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಅದನ್ನು ಲ್ಯುಕೇಮಿಯಾದ ಮಕ್ಕಳಿಗೆ ಕೊಟ್ಟು 1948ರಲ್ಲಿ ಫಲಿತಾಂಶ ಪ್ರಕಟಿಸಿದರು. 16 ಮಕ್ಕಳಲ್ಲಿ 10 ಮಕ್ಕಳು ಸುಧಾರಿಸಿದರು. ಆದರೆ ಆ ಸುಧಾರಣೆ ತಾತ್ಕಾಲಿಕ, ರೋಗ ಮರಳಿತು. ಈ ಕಾಯಿಲೆಗೆ ಔಷಧ ನಾಟುತ್ತದೆ ಎಂದು ಮೊದಲು ತೋರಿಸಿಕೊಟ್ಟವರು ಆ ಮಕ್ಕಳು.

"ರಾತ್ರಿ ಅದನ್ನ ಓದಿ ನಿದ್ದೆ ಬರ್ಲಿಲ್ಲ. ಆ ಹತ್ತು ಮಕ್ಕಳು ಎದ್ದು ಕೂತಾಗ ಅವರ ಅಪ್ಪ-ಅಮ್ಮಂದಿರು ಏನಂದ್ಕೊಂಡಿರ್ಬೇಕು. ಮತ್ತೆ ಮಲಗಿದಾಗ? ನನ್ನ ಮಗಳ ಬೆನ್ನಿಗೆ ಹೋಗಿರೋ ಔಷಧಿ ಅವರಿಂದ ಬಂದಿದ್ದು. ಅವರಿಗೋಸ್ಕರ ಪ್ರಾರ್ಥನೆ ಮಾಡಿದೆ ಮೇಡಂ. ಹದಿನಾರು ಮಕ್ಕಳಿಗೂ. ಅವರೆಲ್ಲ ಹೋಗಿ ಎಷ್ಟೋ ಕಾಲ ಆಯ್ತು, ಬೇಡಿದ್ರೆ ಬದಲಾಗೋದು ಏನೂ ಇಲ್ಲ. ಆದ್ರೂ ಬೇಡಿದೆ. ಅಭ್ಯಾಸಕ್ಕೆ ಚುಕ್ಕೆ ಹಾಕೋಕೆ ಹೋದೆ. ಯಾವ ದಿನದ ಮುಂದೆ ಹಾಕೋದು ಅಂತ ಗೊತ್ತಾಗ್ಲಿಲ್ಲ. ಪೆನ್ ಮುಚ್ಚಿಟ್ಟೆ."

ಅವರ ನಂಬಿಕೆ ಶುರುವಾದದ್ದು 8ನೇ ದಿನವಲ್ಲ, ಈ ರಾತ್ರಿ ಎಂದು ನನ್ನ ಅನಿಸಿಕೆ. ಅವರು ಒಪ್ಪುವುದಿಲ್ಲ. ಎರಡೂ ಒಂದೇ, ಮೊದಲನೆಯದು ಕೂಗಿದ್ದು, ಎರಡನೆಯದು ಕೂತಿದ್ದು ಎನ್ನುತ್ತಾರೆ.

29ನೇ ದಿನ

ನಾಲ್ಕು ವಾರದ ಕೊನೆಗೆ ಅಸ್ಥಿಮಜ್ಜೆ ತೆಗೆದು, ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ರೋಗ ಉಳಿದಿದೆಯೇ ಎಂದು ನೋಡುತ್ತಾರೆ. ಹತ್ತು ಸಾವಿರ ಕಣಗಳಲ್ಲಿ ಒಂದು, ಅಂದರೆ 0.01%, ಸಾಮಾನ್ಯವಾಗಿ ಇಟ್ಟುಕೊಂಡಿರುವ ಗಡಿ. ಇವಳದು 0.08%. ಸಾಧಾರಣ ಅಪಾಯದ ಗುಂಪಿನಿಂದ ಹೆಚ್ಚು ಅಪಾಯದ ಗುಂಪಿಗೆ ಬಂದಳು. ಮುಂದಿನ ಚಿಕಿತ್ಸೆ ಇನ್ನೂ ಬಿರುಸು.

ವೈದ್ಯರು ಹೇಳಿ ಮುಗಿಸಿದ ಮೇಲೆ ತಂದೆಯನ್ನು ಹೊರಗೆ ಕೂರಿಸಿಕೊಂಡು, ಏನು ಅರ್ಥವಾಯಿತು ಎಂದು ಕೇಳಿದೆ. ಒಂದಂಕಿ ತಪ್ಪದೆ ಹೇಳಿದರು: ಎಷ್ಟು ಉಳಿದಿದೆ, ಗಡಿ ಎಷ್ಟು, ಯಾವ ಔಷಧ ಸೇರುತ್ತದೆ, ಮತ್ತೆ ಯಾವಾಗ ಪರೀಕ್ಷೆ. ವೈದ್ಯರಿಗೆ ಅವರು ಕೇಳಿದ್ದ ಪ್ರಶ್ನೆಗಳೂ ಸರಿಯಾದವೇ. ಆಮೇಲೆ ತಮ್ಮಷ್ಟಕ್ಕೇ ಅಂದರು: "ನಿನ್ನೆ ಪ್ರಾರ್ಥನೆ ಮಾಡಿದ್ದೆ. ಇವತ್ತೂ ಮಾಡ್ತೀನಿ." ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ನನ್ನ ಟಿಪ್ಪಣಿಯ "ನಿರಾಕರಣೆ?" ಪದದ ಕೆಳಗೆ ಅವತ್ತು ತಿದ್ದುಪಡಿ ಬರೆದು ಸಹಿ ಹಾಕಿದೆ. ನಿರಾಕರಣೆಯಲ್ಲಿರುವವರು ಕೆಟ್ಟ ಅಂಕಿಯನ್ನು ಮರೆಯುತ್ತಾರೆ, ಚಿಕ್ಕದು ಮಾಡುತ್ತಾರೆ, ಇನ್ನೊಂದು ಕಡೆ ತೋರಿಸೋಣ ಎನ್ನುತ್ತಾರೆ, ಇಲ್ಲವೇ ಔಷಧ ನಿಲ್ಲಿಸುತ್ತಾರೆ. ಇವರು ಅಂಕಿಯನ್ನೂ ಹಿಡಿದಿದ್ದರು, ದೇವರನ್ನೂ ಹಿಡಿದಿದ್ದರು. ಕಷ್ಟದಲ್ಲಿ ಜನ ಧರ್ಮವನ್ನು ಹೇಗೆ ಬಳಸುತ್ತಾರೆ ಎಂದು ದಶಕಗಳ ಕಾಲ ಅಧ್ಯಯನ ಮಾಡಿದ ಕೆನೆತ್ ಪಾರ್ಗಮೆಂಟ್, 1988ರಲ್ಲಿ ಸಹೋದ್ಯೋಗಿಗಳ ಜೊತೆ ಮೂರು ಬಗೆ ಗುರುತಿಸಿದ್ದರು: ಎಲ್ಲ ತನ್ನ ಹೊಣೆ ಎನ್ನುವುದು, ಎಲ್ಲ ದೇವರಿಗೆ ಬಿಡುವುದು, ಇಬ್ಬರೂ ಸೇರಿ ನಿಭಾಯಿಸುವುದು. ಈ ತಂದೆ ಮೂರನೆಯದಕ್ಕೆ ಹತ್ತಿರ ಬಂದರು ಎನ್ನಬಹುದು. ಪಾರ್ಗಮೆಂಟ್ ಗುರುತಿಸಿದ ಇನ್ನೊಂದು ವಿಷಯ ಕೆಲಸದಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ: "ದೇವರು ನನ್ನನ್ನು ಶಿಕ್ಷಿಸುತ್ತಿದ್ದಾನೆ", "ದೇವರು ನನ್ನ ಕೈಬಿಟ್ಟ" ಎಂಬ ನಂಬಿಕೆಗಳು ಮನಸ್ಸಿನ ನರಳಾಟವನ್ನು ಹೆಚ್ಚಿಸುವುದರ ಜೊತೆ ಸೇರಿಕೊಂಡಿರುತ್ತವೆ. ನಂಬಿಕೆ ಇದೆಯೇ ಎಂದು ಕೇಳಿ ಟಿಕ್ ಹಾಕಿದರೆ ಇದು ತಿಳಿಯುವುದಿಲ್ಲ.

ರೋಗಿಗಳ ಆಧ್ಯಾತ್ಮಿಕ ಹಿನ್ನೆಲೆ ಕೇಳಲು ಅಮೆರಿಕದ ವೈದ್ಯೆ ಕ್ರಿಸ್ಟಿನಾ ಪುಚಾಲ್ಸ್ಕಿ 1996ರಲ್ಲಿ ರೂಪಿಸಿದ ನಾಲ್ಕು ಅಂಶಗಳ ಕ್ರಮ ನಮ್ಮಲ್ಲೂ ಬಳಕೆಯಲ್ಲಿದೆ. ಏನನ್ನು ನಂಬುತ್ತೀರಿ, ಅದು ಎಷ್ಟು ಮುಖ್ಯ, ಜೊತೆಗೆ ಯಾವ ಸಮುದಾಯ ಇದೆ, ನಾವು ಇದನ್ನು ಚಿಕಿತ್ಸೆಯಲ್ಲಿ ಹೇಗೆ ಗಮನಿಸಬೇಕು. ಮಗು ರೋಗಿಯಾಗಿದ್ದಾಗ ನಾನು ಈಗ ಐದನೆಯದೊಂದನ್ನು ಸೇರಿಸುತ್ತೇನೆ: ಇದರ ಬಗ್ಗೆ ಮಗುವಿಗೆ ಏನು ಹೇಳಿದ್ದೀರಿ, ಅಥವಾ ಮಗುವಿನ ಕಿವಿಗೆ ಏನು ಬಿದ್ದಿರಬಹುದು?

ತಾಯಿ

ಗಂಡನ ಪ್ರಾರ್ಥನೆ ಹೆಂಡತಿಗೆ ಗೊತ್ತಾದದ್ದು ಮಗಳ ಬಾಯಿಂದ. ಮೂವರೂ ಕೂತಿದ್ದ ಭೇಟಿಯಲ್ಲಿ ಅವರು ಸಿಟ್ಟಿನಿಂದ ನಡುಗುತ್ತಿದ್ದರು. "ಮೂವತ್ತು ವರ್ಷ ನಾನು ನಂಬಿದೆ. ನನ್ನಿಂದ ಕಿತ್ಕೊಂಡು ನಿಮಗೆ ಕೊಟ್ಟನಾ?" ಇದಕ್ಕೆ ತಂದೆ ಉತ್ತರ ಕೊಡಲಿಲ್ಲ, ನಾನೂ ಕೊಡಲಿಲ್ಲ. ಆ ಪ್ರಶ್ನೆಯಲ್ಲಿ ದೇವರ ಮೇಲಿನ ಸಿಟ್ಟಿಗಿಂತ, ಆ ಮೆಟ್ಟಿಲ ಮೂಲೆಗೆ ತಮ್ಮನ್ನು ಕರೆಯದ ಗಂಡನ ಮೇಲಿನ ಸಿಟ್ಟು ಹೆಚ್ಚಿತ್ತು ಎಂದು ನನಗೆ ತಿಳಿದದ್ದು ಬಹಳ ತಡವಾಗಿ.

ಅವರನ್ನು ಕಾಡಿದ್ದು "ಯಾಕೆ" ಎಂಬ ಪ್ರಶ್ನೆ. ಹೆಚ್ಚಿನ ಮಕ್ಕಳಲ್ಲಿ ಇಂಥದ್ದೇ ಕಾರಣ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಕೆಲವು ಬಗೆಗಳಲ್ಲಿ ಜೀನಿನ ಮೊದಲ ಬದಲಾವಣೆ ಮಗು ಹುಟ್ಟುವ ಮೊದಲೇ ಆಗಿರುತ್ತದೆ ಎಂದು ವೈದ್ಯರು ಹೇಳಿದ್ದರು. ತಂದೆಗೆ ಆ ಮಾತಿನಿಂದ ಸಮಾಧಾನವಾಯಿತು: ಹಾಗಾದರೆ ಯಾರೂ ಏನೂ ಮಾಡಿದ್ದರಿಂದ ಬಂದದ್ದಲ್ಲ. ತಾಯಿಗೆ ಅದೇ ಮಾತು ಈಟಿ: ಹಾಗಾದರೆ ನನ್ನ ಹೊಟ್ಟೆಯಲ್ಲಿದ್ದಾಗಲೇ. ಅವರ ಜೊತೆಗಿನ ನನ್ನ ಭೇಟಿಗಳು ಬೇರೆಯಾಗಿ ನಡೆದವು, ಈಗಲೂ ನಡೆಯುತ್ತಿವೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಈಗ

ಮುಂದಿನ ಹಂತ ಮುಗಿದಾಗಿನ ಪರೀಕ್ಷೆಯಲ್ಲಿ ಉಳಿಕೆ ರೋಗ 0.01%ಕ್ಕಿಂತ ಕೆಳಗೆ ಬಂದಿತ್ತು. ತಂದೆಯನ್ನು ಯಾರೋ "ನಿಮ್ಮ ಪ್ರಾರ್ಥನೆ ಫಲಿಸಿತು" ಎಂದು ಅಭಿನಂದಿಸಿದಾಗ, "ಅದಕ್ಕಲ್ಲ" ಎಂದು ಚುಟುಕಾಗಿ ಹೇಳಿ ಮುಂದೆ ಹೋದರು. 0.08% ಬಂದ ದಿನದ ಪ್ರಾರ್ಥನೆಗೆ ಮೋಸ ಮಾಡಿದ ಹಾಗಾಗುತ್ತದೆ ಎಂದು ಆಮೇಲೆ ನನಗೆ ವಿವರಿಸಿದರು.

ಹುಡುಗಿ ಈಗ ನಿರ್ವಹಣೆಯ ಹಂತದಲ್ಲಿದ್ದಾಳೆ, ಅಂದರೆ ರೋಗ ಮರಳದ ಹಾಗೆ ಔಷಧ ಮುಂದುವರಿಸುವ ಹಂತ. ದಿನಾ ರಾತ್ರಿ ಮರ್ಕ್ಯಾಪ್ಟೊಪ್ಯೂರಿನ್, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮಾತ್ರೆ. ತಿಂಗಳುಗಟ್ಟಲೆ ಎಳೆಯುವ ಈ ಹಂತದಲ್ಲಿ ಕುಟುಂಬಗಳು ಕೈಚೆಲ್ಲುವುದು ಜಾಸ್ತಿ. ಮಗು ಚೆನ್ನಾಗಿ ಕಾಣುತ್ತಿರುತ್ತದೆ, ಮಾತ್ರೆ ಒಂದೊಂದು ದಿನ ತಪ್ಪುತ್ತದೆ. ಮರ್ಕ್ಯಾಪ್ಟೊಪ್ಯೂರಿನ್ ಮಾತ್ರೆಯನ್ನು 95%ಕ್ಕಿಂತ ಕಡಿಮೆ ದಿನ ತೆಗೆದುಕೊಂಡ ಮಕ್ಕಳಲ್ಲಿ ರೋಗ ಮರುಕಳಿಸುವ ಅಪಾಯ ಹೆಚ್ಚು ಎಂದು ಅಧ್ಯಯನಗಳು ತೋರಿಸಿವೆ. ಇವರ ಮನೆಯಲ್ಲಿ ಒಂದು ಮಾತ್ರೆಯೂ ತಪ್ಪಿಲ್ಲ. ಹಳೆಯ ನೋಟ್‌ಬುಕ್ಕು ತುಂಬಿ ಎರಡನೆಯದು ನಡೆಯುತ್ತಿದೆ. ಅದರಲ್ಲಿ ತಲೆಬರಹ ಇಲ್ಲದ ಕಾಲಮ್ಮು ಇಲ್ಲ.

ಹೋದ ಭೇಟಿಯಲ್ಲಿ ರಾತ್ರಿ ಮಾತ್ರೆ ಕೊಡುವುದು ಯಾರು ಎಂದು ವಾಡಿಕೆಯಂತೆ ಕೇಳಿದೆ. ಉತ್ತರ ಹೇಳಿದ್ದು ತಾಯಿ. ತಂದೆ ಹಾಸಿಗೆಯ ಅಂಚಿನಲ್ಲಿ ಕೂತು ಕಣ್ಣು ಮುಚ್ಚಿಕೊಳ್ಳುತ್ತಾರೆ. ಮಗಳು ಪಕ್ಕದಲ್ಲಿ ಕಾಲು ಆಡಿಸುತ್ತಾ ಕೂತಿರುತ್ತಾಳೆ, ಒಮ್ಮೊಮ್ಮೆ ತಾನೂ ಕಣ್ಣು ಮುಚ್ಚುತ್ತಾಳೆ, ಒಮ್ಮೊಮ್ಮೆ ಇಲ್ಲ.

"ನೀವು?" ಎಂದೆ.

"ನಾನು ಮುಚ್ಚಲ್ಲ. ಗ್ಲೌಸ್ ಹಾಕ್ಕೊಂಡು ಮಾತ್ರೆ ಅರ್ಧ ಮಾಡ್ತಿರ್ತೀನಿ. ಇವರದ್ದು ಮುಗಿಯೋವರೆಗೂ ಕಾಯ್ತೀನಿ, ಆಮೇಲೆ ಕೊಡ್ತೀನಿ."